ಹತ್ತಿ ಮೂಟೆಯೊಳಗಿನ ಡಬ್ಬಿ

ಮೊಮ್ಮಗಳ ಬಾಯಿ ಮೂಸಿ ನೋಡಿದ ದಿನವೇ ದಿಂಬಮ್ಮನ ನೆಮ್ಮದಿ ಹಾರಿಹೋಯಿತು. ಸೊಸೆ ಸ್ನಾನಕ್ಕೆ ಹೋಗಿದ್ದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಮುದ್ದು ಮಾಡೋಣವೆಂದು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ತುಟಿಯ ಅಂಚಿನಿಂದ ಡಬ್ಬಿಯ ಹಾಲುಪುಡಿಯ ಸಿಹಿಸಿಹಿ ವಾಸನೆ! ಮೂರು ಮಕ್ಕಳನ್ನು ಹೆತ್ತು ಸಾಕಿದ ಮೂಗು ಅದು, ಅದಕ್ಕೆ ಮೋಸ ಮಾಡುವುದು ಸುಲಭವಲ್ಲ.

"ಓಹೋ, ಹೀಗಾ ಸಮಾಚಾರ!" ಎಂದುಕೊಂಡಳು.

ದಿಂಬಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂಭಾಗದಲ್ಲಿ ಹಾಸಿಗೆ ಅಂಗಡಿ, ಹಿಂಭಾಗದಲ್ಲಿ ಎರಡು ಕೋಣೆ ಮತ್ತು ಅಡುಗೆಮನೆ, ಎಲ್ಲಿ ನೋಡಿದರೂ ಹತ್ತಿ. ಮಗ ಹತ್ತಿ ಬಿಡಿಸಿ ತುಂಬುತ್ತಿದ್ದ, ಅವಳು ಹೊಲಿಯುತ್ತಿದ್ದಳು, ಯಜಮಾನರು ಗಲ್ಲಾದ ಹಿಂದೆ ಕೂತು ಪೇಪರು ಓದುತ್ತಿದ್ದರು. ಪೇಪರು ಓದುವುದೂ ಒಂದು ಕೆಲಸವೇ ಎಂದು ಅವರು ಮದುವೆಯಾದಾಗಿನಿಂದ ವಾದಿಸುತ್ತ ಬಂದಿದ್ದರು. ಸೊಸೆ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದವಳು, ಈಗ ಹೆರಿಗೆ ರಜೆಯಲ್ಲಿದ್ದಳು.

ಸೊಸೆಗೆ ತಿಂಗಳು ತುಂಬುತ್ತಿದ್ದಾಗ ದಿಂಬಮ್ಮ ಸುಮ್ಮನೆ ಕೂತಿರಲಿಲ್ಲ. ಹಾಲುಣಿಸುವಾಗ ಮಡಿಲ ಮೇಲೆ ಇಟ್ಟುಕೊಳ್ಳಲೆಂದೇ ಅರ್ಧಚಂದ್ರದ ಆಕಾರದ ಒಂದು ದಿಂಬು ಹೊಲಿದಿದ್ದಳು. ಸೋಫಾ ಹೊದಿಕೆಯಲ್ಲಿ ಉಳಿದ ನೀಲಿ ಮಖಮಲ್ಲು, ಅಂಚಿಗೆ ಜೋಡಿ ಹೊಲಿಗೆ. ಒಳಗೆ ಹತ್ತಿಯನ್ನು ಕೋಲಿನಿಂದ ತಳ್ಳಿ ತಳ್ಳಿ ತುಂಬಿದ್ದಳು, ಮೇಲೆ ಕಲ್ಲಿಟ್ಟರೂ ತಗ್ಗಬಾರದು. ನೋಡಿದವರೆಲ್ಲ ಕೈಯಿಂದ ಒತ್ತಿ "ಆಹಾ" ಎಂದರು. ಬೀದಿಯ ಇಬ್ಬರು ಬಸುರಿಯರು ತಮಗೂ ಅಂಥದ್ದೇ ಬೇಕೆಂದು ಹೇಳಿಹೋದರು. ಅಷ್ಟು ಚಂದದ ದಿಂಬಿದ್ದೂ ಮಗುವಿಗೆ ಮೈ ಹತ್ತುತ್ತಿಲ್ಲವೆಂದರೆ ಏನರ್ಥ? ಸೊಸೆಗೆ ಹಾಲಿಲ್ಲವೇನೋ ಎಂದು ಬೀದಿಯಲ್ಲೂ ಹೇಳಿಕೊಂಡಿದ್ದಳು.

ಮೈ ಹತ್ತುತ್ತಿಲ್ಲವೆನ್ನುವುದು ಅವಳ ಕಲ್ಪನೆಯಾಗಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ತೂಕ ಹಾಕಿದ ನರ್ಸು ತುಟಿ ಬಿಗಿಹಿಡಿದಿದ್ದಳು. "ಇಷ್ಟು ದಿನಕ್ಕೆ ಈ ತೂಕ ಸಾಲದು. ಎದೆಹಾಲೇ ಕೊಡಿ, ಪದೇ ಪದೇ ಕೊಡಿ. ಮುಂದಿನ ಸಲಕ್ಕೂ ಏರದಿದ್ರೆ ಆಸ್ಪತ್ರೆಗೆ ಸೇರಿಸಿ ನೋಡಬೇಕಾಗುತ್ತೆ" ಎಂದಿದ್ದಳು. ಆಮೇಲೆ ಸೊಸೆಗೆ, "ಮಗುನ ಎದೆ ಹತ್ರ ತರಬೇಕಮ್ಮ, ನೀವು ಮಗು ಮೇಲೆ ಬಗ್ಗಬಾರದು. ಬಾಯಿ ದೊಡ್ಡದಾಗಿ ತೆಗೆದ ಮೇಲೇ ಕೊಡಿ" ಎಂದೂ ಹೇಳಿದ್ದಳು.

"ಅದಕ್ಕೇ ನಾನು ದಿಂಬು ಹೊಲಿದು ಕೊಟ್ಟಿದ್ದೀನಿ ಸಿಸ್ಟರ್, ಮಗು ಸೀದಾ ಮೇಲಕ್ಕೆ ಬರುತ್ತೆ" ಎಂದು ದಿಂಬಮ್ಮ ಹಿಂದಿನಿಂದ ಸೇರಿಸಿದ್ದಳು. ಹೊರಗೆ ಸಾಲು ಬೆಳೆದಿತ್ತು. ನರ್ಸು ತಲೆಯಾಡಿಸಿ ಮುಂದಿನವರನ್ನು ಕರೆದಳು.

ಅಂದಿನಿಂದ ಸೊಸೆ ಹಾಲು ಕುಡಿಸುವಾಗ ಕೋಣೆಯ ಬಾಗಿಲಿಗೆ ಚಿಲಕ ಹಾಕತೊಡಗಿದಳು. ಹೊಲಿಗೆ ಯಂತ್ರದ ಮುಂದಿನಿಂದಲೇ ದಿಂಬಮ್ಮ ಪ್ರತಿ ಸಲ ಕೂಗುತ್ತಿದ್ದಳು: "ದಿಂಬು ತಗೊಂಡ್ಯಾ?"

"ತಗೊಂಡೆ ಅತ್ತೆ."

ಸ್ವಂತ ಮನೆಯಲ್ಲಿ ಚಿಲಕ ಯಾಕೆ? ಈಗ ಹಾಲುಪುಡಿಯ ವಾಸನೆ ಬಂದ ಮೇಲೆ ಎಲ್ಲ ಸರಿಯಾಗಿ ಹೊಂದಿಕೊಂಡಿತು. ಹಾಲು ಬತ್ತಿದೆ, ಹೇಳಲು ನಾಚಿಕೆ, ಒಳಗೆ ಕೂತು ಬಾಟಲಿ ಹಿಡಿಯುತ್ತಿದ್ದಾಳೆ.

ಅಂದು ಸಂಜೆ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ದಿಂಬಮ್ಮ ಬಡಿಸುತ್ತಲೇ ಶುರುಮಾಡಿದಳು.

"ಹಾಲು ಸಾಲ್ತಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಬೇಕಪ್ಪ. ಮುಚ್ಚಿಡೋದು ಏನಿದೆ ಇದರಲ್ಲಿ?"

ಸೊಸೆ ತುತ್ತು ಕೈಯಲ್ಲೇ ಹಿಡಿದಳು. "ಯಾರು ಏನು ಮುಚ್ಚಿಟ್ರು ಅತ್ತೆ?"

"ನಾನು ಯಾರ ಹೆಸರೂ ಹೇಳ್ಲಿಲ್ಲ."

"ಮನೇಲಿ ಹಾಲು ಕುಡಿಸೋಳು ನಾನೊಬ್ಬಳೇ. ಇನ್ನೇನು ಮಾವನಿಗೆ ಹೇಳಿದ್ರಾ?"

"ನನ್ನ ಮಧ್ಯೆ ಎಳೀಬೇಡಿ. ಬೇಳೆ ಈ ಕಡೆ ತಳ್ಳಿ" ಎಂದರು ಯಜಮಾನರು.

"ಸರಿ, ನೇರವಾಗೇ ಕೇಳ್ತೀನಿ" ಎಂದು ದಿಂಬಮ್ಮ ಸೌಟು ಕೆಳಗಿಟ್ಟಳು. "ಮಗು ಬಾಯಲ್ಲಿ ಡಬ್ಬಿ ಹಾಲಿನ ವಾಸನೆ ಯಾಕೆ ಬರುತ್ತೆ?"

ಸೊಸೆ ತಲೆ ತಗ್ಗಿಸುತ್ತಾಳೆ, ಅಳುತ್ತಾಳೆ, ತಪ್ಪೊಪ್ಪಿಕೊಳ್ಳುತ್ತಾಳೆ ಎಂದೆಲ್ಲ ಲೆಕ್ಕ ಹಾಕಿದ್ದಳು. ಆಗಿದ್ದೇ ಬೇರೆ. ಸೊಸೆ ಮುಖ ಕೆಂಪಾಗಿ ನೆಟ್ಟಗೆ ಕೂತಳು.

"ಅದನ್ನ ನಾನೇ ನಿಮ್ಮನ್ನ ಕೇಳಬೇಕು ಅಂತಿದ್ದೆ. ನಾನು ಸ್ನಾನ ಮುಗಿಸಿ ಬರೋವಷ್ಟರಲ್ಲಿ ಮಗು ಹೊಟ್ಟೆ ತುಂಬಿದವರ ಹಾಗೆ ನಿದ್ದೆ ಮಾಡ್ತಿರುತ್ತೆ. ಎಬ್ಬಿಸಿ ಎದೆಗೆ ಹಾಕ್ಕೊಂಡ್ರೆ ಮುಖ ತಿರುಗಿಸುತ್ತೆ. ಏನು ಕುಡಿಸ್ತಿದ್ದೀರಾ ನೀವು?"

"ನಾನಾ! ಕೇಳಿಸ್ಕೊಂಡ್ರಾ ಇವಳ ಮಾತನ್ನ! ನಾನು ಕದ್ದು ಕುಡಿಸ್ತೀನಾ?"

"ಮೊದಲ ದಿನದಿಂದ ಹಾಲಿಲ್ಲ ಹಾಲಿಲ್ಲ ಅಂತ ರಾಗ ಎಳೀತಿರೋರು ಯಾರು? ನನ್ನ ಹಾಲು ಸಾಲಲ್ಲ ಅಂತ ತೋರಿಸೋಕೆ ಇದೊಂದು ದಾರಿ!"

"ನೀರು ತರ್ತೀನಿ" ಎಂದು ಮಗ ಎದ್ದ. ನೀರಿನ ತಂಬಿಗೆ ತುಂಬಿ ಅವನ ಮುಂದೆಯೇ ಇತ್ತು. ಪಾಪ, ಜಗಳ ಅಂದರೆ ಮೊದಲಿನಿಂದಲೂ ಆಗದು ಇವನಿಗೆ ಎಂದು ದಿಂಬಮ್ಮನ ಕರುಳು ಚುರುಕ್ಕೆಂದಿತು.

ಅಂದಿನಿಂದ ಮನೆಯಲ್ಲಿ ಇಬ್ಬರು ಪತ್ತೇದಾರರಾದರು. ಸೊಸೆ ಸ್ನಾನಕ್ಕೆ ಹೋಗುವಾಗ ಮಗುವನ್ನು ಅತ್ತೆಯ ಕೈಗೆ ಕೊಡುವುದನ್ನು ನಿಲ್ಲಿಸಿ ಗಂಡನ ಕೈಗೆ ಕೊಡತೊಡಗಿದಳು. "ನೀವೇ ಎತ್ಕೊಂಡಿರಿ, ಬೇರೆ ಯಾರ ಹತ್ರಾನೂ ಬಿಡಬೇಡಿ" ಎನ್ನುವುದು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿಯೇ ಬರುತ್ತಿತ್ತು. ಬೇರೆ ಯಾರು ಎಂದು ಕೇಳಬೇಕೆ? ದಿಂಬಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮಗು ಮಗನ ತೋಳಲ್ಲಿರುವಷ್ಟು ಹೊತ್ತು ಇವಳು ಕದ್ದು ಕುಡಿಸಲಾರಳು ಎಂಬ ಸಮಾಧಾನವೂ ಇತ್ತು. "ಅಂಗಡಿ ಕಡೆ ಗಾಳಿಗೆ ಕರ್ಕೊಂಡು ಹೋಗಪ್ಪ" ಎಂದು ತಾನೇ ಕಳಿಸುತ್ತಿದ್ದಳು. ಅವನು ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದು ಹೋಗುತ್ತಿದ್ದ. ಈಚೆಗೆ ಎದುರಿನ ಚಹಾದಂಗಡಿಗೆ ಹೋಗುವುದು ಹೆಚ್ಚಾಗಿತ್ತು. ನಿದ್ದೆಗೆಟ್ಟ ಅಪ್ಪ, ಕುಡಿಯಲಿ ಬಿಡು.

ದಿಂಬಮ್ಮ ಹುಡುಕದ ಜಾಗವಿರಲಿಲ್ಲ. ಹಿಟ್ಟಿನ ಡಬ್ಬಿಯ ಹಿಂದೆ, ಹಳೆಯ ಸೂಟ್‌ಕೇಸಿನಲ್ಲಿ, ಮಗುವಿನ ಬಟ್ಟೆಗಳ ನಡುವೆ, ಕಸದ ಬುಟ್ಟಿಯಲ್ಲಿ. ಸೊಸೆಯ ಬೀರು ತೆಗೆದಾಗ ಮಾತ್ರ ಸಿಕ್ಕಿಬಿದ್ದಳು.

"ಏನು ಕಳೆದುಹೋಗಿದೆ ಅತ್ತೆ?"

"ದಿಂಬಿನ ಚೀಲ ಹುಡುಕ್ತಿದ್ದೆ."

"ನನ್ನ ಸೀರೆಗಳ ಕೆಳಗಾ?" ಎಂದು ಸೊಸೆ ಬಾಗಿಲಿಗೆ ಒರಗಿ ನಿಂತಳು. ಕನ್ನಡಕದಂಗಡಿಯವಳು, ಕಣ್ಣು ಬಲು ಸೂಕ್ಷ್ಮ. ದಿಂಬಮ್ಮ ಸೆರಗು ಕೊಡವಿಕೊಂಡು ಹೊರಬಂದಳು. ಆ ದಿನ ಇಬ್ಬರೂ ಮಾತಾಡಲಿಲ್ಲ. ಬೇಕಾದದ್ದನ್ನೆಲ್ಲ ಯಜಮಾನರ ಮೂಲಕ ಹೇಳಿಕಳಿಸಿದರು. ಅವರು ಅರ್ಧ ಹೇಳಿ ಅರ್ಧ ಮರೆತರು.

ಮಗು ಮಾತ್ರ ಹಾಗೇ ಇತ್ತು. ಕಾಲುಗಳು ಸಣಕಲು, ಅತ್ತರೆ ದನಿಯಲ್ಲಿ ಕಸುವಿಲ್ಲ. ತೂಕದ ದಿನ ಹತ್ತಿರ ಬರುತ್ತಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆ ಆ ಪುಟ್ಟ ಕೈಗೆ ಸೂಜಿ ಚುಚ್ಚುವುದನ್ನು ನೆನೆದರೆ ದಿಂಬಮ್ಮನಿಗೆ ಹೊಲಿಗೆ ತಪ್ಪುತ್ತಿತ್ತು. ಈ ಹುಡುಗಿಯ ಹಟಕ್ಕೆ ಮಗು ಬಲಿಯಾಗುತ್ತಲ್ಲ ಎಂದು ಹಲ್ಲು ಕಡಿದಳು.

ಡಬ್ಬಿ ಸಿಕ್ಕಿದ್ದು ಹುಡುಕುವುದನ್ನು ಬಿಟ್ಟಾಗ. ಮಧ್ಯಾಹ್ನ ದಿಂಬು ತುಂಬಲು ಮೂಲೆಯ ಹತ್ತಿ ಮೂಟೆಗೆ ಕೈ ಹಾಕಿದಳು. ಬೆರಳಿಗೆ ತಗಡು ತಗುಲಿತು. ಮೊಣಕೈವರೆಗೂ ತೂರಿಸಿ ಎಳೆದರೆ ಹಾಲುಪುಡಿಯ ಡಬ್ಬಿ, ಅದರ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಬಾಟಲಿ.

"ಅಬ್ಬಾ ಧೈರ್ಯವೇ! ನನ್ನ ಹತ್ತಿಯಲ್ಲೇ!"

ಆ ಕ್ಷಣವೇ ಒಳಗೆ ನುಗ್ಗಿ ಡಬ್ಬಿಯನ್ನು ಸೊಸೆಯ ಮುಂದೆ ಕುಕ್ಕಬೇಕೆನಿಸಿತು. ಆದರೆ ಕುಕ್ಕಿದರೆ ಅವಳು ಏನನ್ನುತ್ತಾಳೆ? 'ನೀವೇ ಇಟ್ಟು ನೀವೇ ತೆಗೆದ್ರಿ' ಅನ್ನುತ್ತಾಳೆ. ನಾಲಿಗೆ ಕಡಿಮೆ ಇದೆಯೇ ಅವಳಿಗೆ? ಕೈಯಾರೆ ಹಿಡಿಯಬೇಕು. ದಿಂಬಮ್ಮ ಎರಡನ್ನೂ ಇದ್ದಲ್ಲಿಯೇ ಹುದುಗಿಸಿ ಮೂಟೆಯ ಬಾಯಿ ಕಟ್ಟಿದಳು.

ಹಾಸಿಗೆ ಅಂಗಡಿಯವರಿಗೆ ಮೂಟೆ ಕಟ್ಟುವುದು ಕೈಬರಹವಿದ್ದ ಹಾಗೆ. ದಿಂಬಮ್ಮ ಹಗ್ಗವನ್ನು ಬಲಗಡೆಯಿಂದ ಎರಡು ಸುತ್ತು ಬಿಗಿದು ತುದಿಯನ್ನು ಕೆಳಗೆ ತೂರಿಸುತ್ತಿದ್ದಳು. ಯಜಮಾನರು ಕಟ್ಟುವುದೇ ಇಲ್ಲ, ಬಾಯಿ ತಿರುಚಿ ಮೇಲೊಂದು ಇಟ್ಟಿಗೆ ಹೇರಿಬಿಡುತ್ತಾರೆ. ಸೊಸೆಗೆ ಬರುವುದು ಷೂ ಲೇಸಿನ ಗಂಟೊಂದೇ, ಅದಕ್ಕಾಗಿ ಮನೆಯವರೆಲ್ಲ ಅವಳನ್ನು ಗೇಲಿ ಮಾಡಿದ್ದುಂಟು. ನಾಳೆ ಬಂದು ನೋಡಿದರೆ ಲೇಸಿನ ಗಂಟು ಇದ್ದೇ ಇರುತ್ತದೆ. ಆಗ ಮಾತಾಡಲಿ ಮಹಾರಾಯ್ತಿ.

ಮರುದಿನ ಅಡುಗೆ ಮುಗಿಸಿ ಬಂದು ನೋಡಿದಳು. ಗಂಟು ಬದಲಾಗಿತ್ತು. ಲೇಸಿನ ಗಂಟಲ್ಲ. ಎರಡು ಸುತ್ತು, ತುದಿ ಕೆಳಗೆ, ಥೇಟ್ ಅವಳದೇ ಕಟ್ಟು. ಒಂದೇ ವ್ಯತ್ಯಾಸ, ಹಗ್ಗ ಎಡಗಡೆಯಿಂದ ಸುತ್ತಿತ್ತು.

ಆ ಕಟ್ಟನ್ನು ಅವಳೇ ಕಲಿಸಿದ್ದಳು. ಎದುರು ಕೂರಿಸಿಕೊಂಡು, ಎಡಚ ಮಗನ ಕೈಗೆ ಹಗ್ಗ ಕೊಟ್ಟು, "ನಾನು ಮಾಡಿದ ಹಾಗೆ ಮಾಡು" ಎಂದಿದ್ದಳು. ಹುಡುಗ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಲಿತ. ಇಡೀ ಬೀದಿಯಲ್ಲಿ ಹಾಗೆ ಕಟ್ಟುವವನು ಅವನೊಬ್ಬನೇ.

ದಿಂಬಮ್ಮ ಮೂಟೆಯ ಮೇಲೆಯೇ ಕೂತಳು.

ಮಗ ಚಹಾದಂಗಡಿಯಿಂದ ಫ್ಲಾಸ್ಕು ಹಿಡಿದು ಬಂದ. ತಾಯಿ ಕೂತ ಜಾಗ ನೋಡಿ ಅವನು ಅಲ್ಲೇ ನಿಂತ. ಅವಳು ಫ್ಲಾಸ್ಕು ಕಸಿದುಕೊಂಡು ಮುಚ್ಚಳ ತೆಗೆದಳು. ಬರೀ ಬಿಸಿನೀರು.

"ಚೆನ್ನಾಗಿದೆ ಕಣಪ್ಪ ನಿನ್ನ ಚಹಾ."

"ಅಮ್ಮ, ಮೆತ್ತಗೆ..."

"ಏನು ಮೆತ್ತಗೆ? ನಾನು ಅವಳ ಮೇಲೆ ಹಾರಿಬಿದ್ದೆ, ಅವಳು ನನ್ನ ಮೇಲೆ ಹಾರಿಬಿದ್ಲು, ನೀನು ನೀರು ತರೋಕೆ ಎದ್ದು ಹೋದೆ! ಅದೂ ಹತ್ತಿ ಧೂಳಲ್ಲಿ ಮಗು ಬಾಟಲಿ ಇಡ್ತೀಯಾ, ಬುದ್ಧಿ ಇದ್ಯಾ?"

"ಕುದಿಸಿ ತೊಳೀತೀನಮ್ಮ." ಅವನು ಒಳಕೋಣೆಯತ್ತ ನೋಡಿ ದನಿ ತಗ್ಗಿಸಿದ. "ಏನು ಮಾಡ್ಲಿ ಹೇಳು? ಅವಳು ಚಿಲಕ ಹಾಕ್ಕೊಳ್ಳೋದು ಯಾಕೆ ಅಂದ್ಕೊಂಡೆ? ಅಳೋಕೆ. ಮಗು ಬಾಯಿ ಹಾಕಿದ ತಕ್ಷಣ ಸೆರಗು ಕಚ್ಕೋತಾಳೆ. ತೊಟ್ಟು ಒಡೆದು ರಕ್ತ ಬರ್ತಿದೆ. ಮಗುಗೂ ಸಿಗ್ತಿಲ್ಲ, ಅದೂ ಅಳುತ್ತೆ. ಆಸ್ಪತ್ರೆಗೆ ಸೇರಿಸ್ತೀವಿ ಅಂದ್ಬಿಟ್ರು ಅಲ್ಲಿ. ಒಂದಿಷ್ಟು ಹೊಟ್ಟೆಗೆ ಹೋಗ್ಲಿ ಅಂತ, ಅವಳು ಸ್ನಾನಕ್ಕೆ ಹೋದಾಗ, ನೀನು ಅಡುಗೆಮನೇಲಿದ್ದಾಗ ಕುಡಿಸಿದೆ."

"ನನಗೆ ಒಂದು ಮಾತು ಹೇಳೋದಕ್ಕೆ ಏನಾಗಿತ್ತು?"

"ನಿನಗಾ? ಹಾಲಿಲ್ಲ ಅಂತ ಆಗಲೇ ಬೀದಿಗೆಲ್ಲ ಹೇಳಿದ್ದೆ. ಇದನ್ನೂ ಹೇಳಿದ್ರೆ ಅವಳನ್ನ ಬದುಕೋಕೆ ಬಿಡ್ತಿದ್ಯಾ?"

ಗಲ್ಲಾದ ಹಿಂದೆ ಪೇಪರು ಮಡಚಿದ ಸದ್ದಾಯಿತು. "ನನಗೆ ಮೊದಲೇ ಗೊತ್ತಿತ್ತು" ಎಂದರು ಯಜಮಾನರು.

ದಿಂಬಮ್ಮ ಗಂಡನತ್ತ ತಿರುಗಿದಳು. "ಗೊತ್ತಿತ್ತಾ! ಗೊತ್ತಿದ್ದೂ ಬೇಳೆ ತಳ್ಳಿ ಅಂತಿದ್ರಾ?"

"ನನ್ನನ್ನ ಯಾರು ಕೇಳಿದ್ರು? ನೀವಿಬ್ರೂ ಒಬ್ಬರನ್ನೊಬ್ಬರು ಕೇಳ್ತಿದ್ರಿ."

ಮಗ ತಾಯಿಯ ಕೈ ಹಿಡಿದ. "ಅವಳಿಗೆ ಮಾತ್ರ ಹೇಳಬೇಡಮ್ಮ. ಇನ್ಮೇಲೆ ಮುಟ್ಟಲ್ಲ. ಅವಳಿಗೆ ನಂಬಿಕೆ ಇರೋದು ನನ್ನೊಬ್ಬನ ಮೇಲೆ."

ಹೆತ್ತ ಕರುಳು ಒಂದು ಗಳಿಗೆ ತೂಗಾಡಿತು. ಸುಮ್ಮನಿದ್ದರೆ ಮಗ ಉಳಿಯುತ್ತಾನೆ, ಡಬ್ಬಿಯನ್ನು ಹೊರಗೆ ಎಸೆದರೆ ಕಥೆ ಮುಗಿಯುತ್ತದೆ. ಕಳ್ಳಿ ಎಂಬ ಹೆಸರು ಮಾತ್ರ ತನ್ನ ಮೇಲೇ ಉಳಿಯುತ್ತದೆ, ಉಳಿಯಲಿ. ಅಷ್ಟರಲ್ಲಿ ಒಳಗೆ ಮಗು ಅಳಲು ಶುರುಮಾಡಿತು. ಚಿಲಕ ಬಿದ್ದ ಸದ್ದು. ಅಳು ಇದ್ದಕ್ಕಿದ್ದಂತೆ ನಿಂತು, ಬಾಯಿಗೆ ಬಟ್ಟೆ ತುರುಕಿಕೊಂಡ ಹಾಗಿನ ಇನ್ನೊಂದು ನರಳಿಕೆ ಕೇಳಿಸಿತು. ಇಷ್ಟು ದಿನ ಹೊಲಿಗೆ ಯಂತ್ರದ ಗದ್ದಲದಲ್ಲಿ ಅದು ಅವಳ ಕಿವಿಗೆ ಬಿದ್ದಿರಲೇ ಇಲ್ಲ.

ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಬಾಗಿಲು ತಟ್ಟಿದಳು.

"ದಿಂಬು ತಗೊಂಡಿದ್ದೀನಿ ಅತ್ತೆ" ಎಂದಿತು ಒಳಗಿನ ದನಿ.

"ಅದಕ್ಕಲ್ಲ. ಬಾಗಿಲು ತೆಗಿ."

"ಯಾಕೆ? ಈಗ ಇನ್ನೇನು ಅನುಮಾನ ಬಂತು?"

ದಿಂಬಮ್ಮ ಒಂದು ಸಲ ಅಂಗಡಿಯತ್ತ ನೋಡಿದಳು. ಮಗ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ.

"ಡಬ್ಬಿ ಸಿಕ್ತು ಕಣೇ. ತಂದಿಟ್ಟೋನು ನಿನ್ನ ಗಂಡ. ನೀನೂ ಅಲ್ಲ, ನಾನೂ ಅಲ್ಲ. ನಿನ್ನ ಮೇಲೆ ಸುಮ್ಮಸುಮ್ಮನೆ ತಪ್ಪು ಹೊರಿಸಿದೆ. ತೆಗಿಯಮ್ಮ."

ಆಮೇಲೆ ಚಿಲಕ ಸರಿಯಿತು. ಸೊಸೆಯ ಕಣ್ಣುಗಳು ಊದಿದ್ದವು. ಡಬ್ಬಿಯನ್ನು ನೋಡಿದಳು, ಅತ್ತೆಯ ಹೆಗಲಾಚೆ ಗಂಡನನ್ನು ನೋಡಿದಳು. "ಇವರಾ?" ಎಂದಳು. ಅವನಿಗೆ ಆ ಒಂದು ಮಾತೇ ಸಾಕಾಯಿತು, ನೆಲ ನೋಡುತ್ತ ನಿಂತ.

"ಅವನನ್ನ ಆಮೇಲೆ ವಿಚಾರಿಸ್ಕೋ. ಮೊದಲು ನೀನು ಹೇಗೆ ಕುಡಿಸ್ತೀಯಾ ತೋರ್ಸು" ಎಂದು ದಿಂಬಮ್ಮ ಬಾಗಿಲು ಮುಂದೆ ಮಾಡಿದಳು.

ಸೊಸೆ ಮಂಚದ ಮೇಲೆ ಕೂತು ನೀಲಿ ದಿಂಬನ್ನು ಮಡಿಲಿಗೆ ಇಟ್ಟುಕೊಂಡಳು. ಮಗುವನ್ನು ಅದರ ಮೇಲೆ ಮಲಗಿಸಿದಳು. ಹಾಸಿಗೆಯ ಮೇಲೆ ಮಲಗಿದಂತೆ ಮಗುವಿನ ಹೊಟ್ಟೆ ಸೂರಿನ ಕಡೆಗಿತ್ತು, ಕುತ್ತಿಗೆ ಮಾತ್ರ ತಾಯಿಯತ್ತ ತಿರುಚಿತ್ತು. ದಿಂಬು ಕಲ್ಲಿನಂತೆ ನಿಂತು ಇಬ್ಬರನ್ನೂ ದೂರವಿಟ್ಟಿತ್ತು. ಸೊಸೆ ಬೆನ್ನು ಬಿಲ್ಲಿನಂತೆ ಬಾಗಿಸಿ ಎದೆಯನ್ನು ಮಗುವಿನ ಬಾಯಿಗೆ ಒಯ್ದಳು. ಮಗು ಅರೆಬಾಯಿ ತೆರೆದು ತೊಟ್ಟಿನ ತುದಿಯನ್ನಷ್ಟೇ ಕಚ್ಚಿತು. ಕೆನ್ನೆ ಗುಳಿಬಿದ್ದು ಚಪ್ ಚಪ್ ಎಂದಿತು. ಸೊಸೆ ಸೆರಗಿಗೆ ಹಲ್ಲು ಹಾಕಿದಳು.

"ಬಿಡಿಸು, ಬಿಡಿಸು. ಎಳೀಬೇಡ, ಬಾಯಿಯಂಚಲ್ಲಿ ಕಿರುಬೆರಳು ತೂರಿಸು" ಎಂದಳು ದಿಂಬಮ್ಮ. "ಮಗುನ ಪೂರ್ತಿ ನಿನ್ನ ಕಡೆ ತಿರುಗಿಸು. ಹೊಟ್ಟೆಗೆ ಹೊಟ್ಟೆ ತಾಗಲಿ."

ಸೊಸೆ ತಿರುಗಿಸಿದಳು. ಗಟ್ಟಿ ದಿಂಬಿನ ಅಂಚಿನಿಂದ ಮಗು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ದಿಂಬಮ್ಮ ದಿಂಬನ್ನು ಒತ್ತಿ ತಗ್ಗಿಸಲು ನೋಡಿದಳು. ಅದು ತಗ್ಗಿದರೆ ತಾನೇ? ಕೋಲಿನಿಂದ ತಳ್ಳಿ ತಳ್ಳಿ ತುಂಬಿದವಳು ಅವಳೇ. ನರ್ಸು ಹೇಳಿದ್ದು ಆಗ ತಲೆಗೆ ಹತ್ತಿತು. ಮಗುವನ್ನು ಎದೆಯ ಹತ್ತಿರ ತರಬೇಕು ಅಂದಿದ್ದಳು, ತಾನು ಇಬ್ಬರ ನಡುವೆ ಗೋಡೆ ಹೊಲಿದು ಕೊಟ್ಟಿದ್ದಳು. ಸಾಲದ್ದಕ್ಕೆ ದಿನವೂ ಹೊರಗಿನಿಂದ ಕೂಗಿ ಕೂಗಿ ಕೇಳಿದ್ದಳು.

ಅವಳಾದರೂ ತನ್ನ ಮಕ್ಕಳಿಗೆ ಹೇಗೆ ಕುಡಿಸಿದ್ದಳು? ಅಂಗಡಿಯಲ್ಲಿ ಹತ್ತಿ ಮೂಟೆಗೆ ಬೆನ್ನು ಕೊಟ್ಟು, ಕಾಲು ಚಾಚಿ. ದಿಂಬು ಮಾರುತ್ತಿದ್ದಳೇ ಹೊರತು ಮಡಿಲಿಗೆ ಯಾವತ್ತೂ ಇಟ್ಟುಕೊಂಡವಳಲ್ಲ.

ನೀಲಿ ದಿಂಬನ್ನು ಎಳೆದು ನೆಲಕ್ಕೆ ಎಸೆದಳು.

"ಅತ್ತೆ!"

"ಹಾಳಾಗ್ಲಿ ಅದು. ಹಿಂದಕ್ಕೆ ಒರಗು. ಇನ್ನೂ. ಮಗುನ ಮೈಮೇಲೆ ತಗೋ. ಕತ್ತು, ಬೆನ್ನು ಒಂದೇ ಸಾಲಲ್ಲಿರಲಿ. ತಲೆ ಹಿಡಿದು ಅದುಮಬೇಡ, ಬೆನ್ನಿಗೆ ಕೈ ಕೊಡು ಸಾಕು. ಮೂಗಿಗೆ ತೊಟ್ಟು ತಾಗಿಸು. ಕೊಡಬೇಡ ಈಗಲೇ, ತಡಿ... ಬಾಯಿ ಇನ್ನೂ ದೊಡ್ಡದಾಗಲಿ..."

ಮಗು ಮೂಗಿನಿಂದ ತಡಕಾಡಿತು, ತಲೆ ಹಿಂದಕ್ಕೆ ಎತ್ತಿ ಆಕಳಿಸುವಷ್ಟು ಅಗಲ ಬಾಯಿ ತೆರೆಯಿತು.

"ಈಗ!"

ಸೊಸೆ ಮಗುವನ್ನು ಒತ್ತಿಕೊಂಡಳು. ಮೊದಲು ಗದ್ದ ತಾಗಿತು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಚಪ್ ಚಪ್ ಸದ್ದಿಲ್ಲ. ಕೆನ್ನೆ ತುಂಬಿಕೊಂಡು ದವಡೆ ನಿಧಾನವಾಗಿ ಆಡಿತು. ಇಬ್ಬರೂ ಕಿವಿಗೊಟ್ಟು ಕೇಳಿದರು. ಗುಟುಕ್ ಎಂದಿತು. ಮತ್ತೊಂದು ಸಲ ಗುಟುಕ್.

"ನೋವಾಗ್ತಿದ್ಯಾ?"

"ಗಾಯ ಉರೀತಿದೆ. ಆದ್ರೆ ಕಚ್ತಾ ಇಲ್ಲ ಅತ್ತೆ, ಕಚ್ತಾ ಇಲ್ಲ!" ಎಂದು ಸೊಸೆ ಜೋರಾಗಿ ಅತ್ತಳು. ಸೆರಗು ಬಾಯಿಗೆ ಒಯ್ಯಲಿಲ್ಲ. ದಿಂಬಮ್ಮನೂ ಅತ್ತಳು, ಅತ್ತದ್ದಕ್ಕೆ ಹತ್ತಿ ಧೂಳನ್ನು ಬೈದಳು.

ತೂಕದ ದಿನ ಡಬ್ಬಿಯನ್ನೂ ಒಯ್ದು ನರ್ಸಿನ ಮುಂದಿಟ್ಟು ಇದ್ದದ್ದನ್ನು ಇದ್ದಹಾಗೆ ಹೇಳಿದರು. ನರ್ಸು ಮಗನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. "ಒಂದೇ ಸಲಕ್ಕೆ ನಿಲ್ಲಿಸಬೇಡಿ. ಪ್ರತಿ ಸಲ ಮೊದಲು ಎದೆಗೇ ಹಾಕಿ, ಆಮೇಲೂ ಹಸಿವಿದ್ರೆ ಸ್ವಲ್ಪ ಲೋಟದಲ್ಲಿ ಕೊಡಿ. ಎದೆಹಾಲು ಹೆಚ್ಚಿದ ಹಾಗೆ ಇದು ತಾನಾಗಿ ಬೇಡವಾಗುತ್ತೆ" ಎಂದಳು. ತಕ್ಕಡಿಯ ಮುಳ್ಳು ಹಿಂದಿನ ಸಲಕ್ಕಿಂತ ಮುಂದೆ ನಿಂತಿತ್ತು. ಆಸ್ಪತ್ರೆಯ ಮಾತು ಬರಲಿಲ್ಲ. ಮನೆಗೆ ಬಂದ ದಿಂಬಮ್ಮ ನೀಲಿ ದಿಂಬಿನ ಜೋಡಿ ಹೊಲಿಗೆಯನ್ನು ಬಿಚ್ಚಿ ಹತ್ತಿಯನ್ನೆಲ್ಲ ಮೂಟೆಗೆ ಸುರಿದಳು. ದಿಂಬು ಕೇಳಿದ್ದ ಇಬ್ಬರು ಬಸುರಿಯರಿಗೆ ಹೊಲಿದುಕೊಡುವುದಿಲ್ಲವೆಂದು ಹೇಳಿಕಳಿಸಿದಳು. ಯಾಕೆ ಎಂದು ಕೇಳಿದವರಿಗೆ, "ಬಂದು ನನ್ನ ಸೊಸೆಯನ್ನ ಕೇಳಿ" ಎಂದಳು.

ಮಗನಿಗೆ ಮಾತ್ರ ಅಷ್ಟು ಸುಲಭದಲ್ಲಿ ಬಿಡುಗಡೆಯಾಗಲಿಲ್ಲ. ಸೊಸೆ ವಾರಗಟ್ಟಲೆ ಅವನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು. ಎದುರಿನ ಚಹಾದಂಗಡಿಯವನಿಗೆ ಬಿಸಿನೀರು ಕೊಡಕೂಡದೆಂದು ದಿಂಬಮ್ಮನ ಅಪ್ಪಣೆಯಾಯಿತು.

ಡಬ್ಬಿ ಬೇಡವಾಗಿ ಕೆಲವು ದಿನಗಳಾಗಿದ್ದವು. ಕೋಣೆಯ ಬಾಗಿಲು ತೆರೆದೇ ಇತ್ತು. ಮಗು ಹಾಲು ಕುಡಿದು ತೊಟ್ಟಿಲಲ್ಲಿ ಮಲಗಿತ್ತು, ಕಾಲಿನಲ್ಲಿ ಮಡಿಕೆ ಬೀಳುವಷ್ಟು ಮೈ ಬಂದಿತ್ತು. ದಿಂಬಮ್ಮ ಮುದ್ದು ಮಾಡಲು ಬಗ್ಗಿದವಳು ಗೊತ್ತಿಲ್ಲದೆಯೇ ಅದರ ಬಾಯಿ ಮೂಸಿದಳು. ತಲೆಯೆತ್ತಿದರೆ ಸೊಸೆ ನೋಡುತ್ತಿದ್ದಾಳೆ.

"ಇನ್ನೂ ಮೂಸ್ತೀರಾ ಅತ್ತೆ?"

ದಿಂಬಮ್ಮನಿಗೆ ನಾಚಿಕೆಯಾಯಿತು. "ಅಭ್ಯಾಸ ಆಗಿಹೋಗಿದೆ ಕಣೇ."

"ನಾನೂ ಈಗ ತಾನೇ ಮೂಸಿದೆ" ಎಂದಳು ಸೊಸೆ.

ಇಬ್ಬರೂ ನಗತೊಡಗಿದರು. ಅಷ್ಟರಲ್ಲಿ ಮಗ ಬಾಗಿಲಲ್ಲಿ ಬಂದು ನಿಂತ. "ಮಗುನ ಸ್ವಲ್ಪ ಅಂಗಡಿ ಕಡೆ ಗಾಳಿಗೆ ಕರ್ಕೊಂಡು ಹೋಗ್ಲಾ?" ಎಂದ. ಒಂದು ಕೈ ಬೆನ್ನ ಹಿಂದಿತ್ತು.

ನಗು ತಟ್ಟನೆ ನಿಂತಿತು. ಅತ್ತೆ ಸೊಸೆ ಇಬ್ಬರೂ ಒಂದೇ ದನಿಯಲ್ಲಿ ಅಂದರು:

"ಆ ಕೈಯಲ್ಲೇನು?"